ಎಂಡೋಸ್ಕೋಪಿ ಎರಡು ಸಲ ನಾರ್ಮಲ್, ಆದರೂ ಅಪ್ಪನಿಗೆ ರಕ್ತ ಹೋಗುವುದು ನಿಂತಿಲ್ಲ

ಉಣಕಲ್ ಕೆರೆ ದಂಡೆ
ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 64 ವರ್ಷ. 31 ವರ್ಷ ಬಸ್ ಓಡಿಸಿ ನಿವೃತ್ತರಾದವರು. ಬಿಪಿ ಇದೆ. 2019ರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಆಸ್ಪಿರಿನ್ 75 ದಿನಾ ತಗೊಳ್ಳುತ್ತಾರೆ. ಕುಡಿತ ಇಲ್ಲ, ಬೀಡಿ ಇಲ್ಲ.

ಏಳು ವಾರದ ಹಿಂದೆ ಬೆಳಗ್ಗೆ ಸಂಡಾಸಕ್ಕೆ ಹೋದವರು ಅಲ್ಲೇ ಕುಸಿದು ಬಿದ್ದರು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿತ್ತು. ವಾಸನೆಯೂ ಎಂದಿನಂತಿರಲಿಲ್ಲ. ಹೊಟ್ಟೆನೋವು ಮಾತ್ರ ಒಂದು ಚೂರೂ ಇರಲಿಲ್ಲ. ಅವ್ವ ಕೂಗಿದ್ದು ಕೇಳಿ ಓಡಿ ಹೋದರೆ ಅಪ್ಪನ ಮೈ ತಣ್ಣಗೆ, ಬೆವರಿನಿಂದ ತೊಯ್ದು ಹೋಗಿತ್ತು. ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 7.1 ಬಂತು. ಎರಡು ಬಾಟ್ಲಿ ರಕ್ತ ಕೊಟ್ಟರು. ಮೂರನೇ ದಿನ ಎಂಡೋಸ್ಕೋಪಿ, ಅಂದರೆ ಬಾಯಿಂದ ಜಠರಕ್ಕೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಮಾಡಿದರು. ಸ್ವಲ್ಪ ಗ್ಯಾಸ್ಟ್ರೈಟಿಸ್ ಇದೆ, ಉಳಿದದ್ದೆಲ್ಲ ನಾರ್ಮಲ್ ಎಂದು ರಿಪೋರ್ಟು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದು ಮನೆಗೆ ಕಳಿಸಿದರು.

ಐದು ವಾರ ಆರಾಮಾಗಿದ್ದರು. ಎರಡು ವಾರದ ಹಿಂದೆ ರಾತ್ರಿ ಊಟ ಆಗಿ ಒಂದು ತಾಸಿಗೆ ವಾಂತಿ. ಪೂರ್ತಿ ರಕ್ತ. ಈ ಸಲ ಬೇರೆ ಆಸ್ಪತ್ರೆಗೆ ಹೋದೆವು. ಕೂಡಲೇ ಕ್ಯಾಮೆರಾ ಬಿಟ್ಟರು, ಆದರೆ ಹೊಟ್ಟೆ ತುಂಬ ಹೆಪ್ಪುಗಟ್ಟಿದ ರಕ್ತ ಇದ್ದದ್ದರಿಂದ ಏನೂ ಕಾಣಲಿಲ್ಲವಂತೆ. ಎರಡನೇ ದಿನ ಮತ್ತೆ ನೋಡಿದರು. ಸ್ವಚ್ಛವಾಗಿದೆ, ಹುಣ್ಣು ಇಲ್ಲ, ಗಂಟು ಇಲ್ಲ ಎಂದರು. ಕೆಳಗಿನಿಂದ ಕೊಲೊನೋಸ್ಕೋಪಿಯೂ ನಾರ್ಮಲ್. ಇನ್ನೂ ಮೂರು ಬಾಟ್ಲಿ ರಕ್ತ ಹಾಕಿಸಿಕೊಂಡು ಮನೆಗೆ ಬಂದಿದ್ದೇವೆ.

ಎಲ್ಲ ನಾರ್ಮಲ್ ಅಂದರೆ ರಕ್ತ ಎಲ್ಲಿಂದ ಬರುತ್ತಿದೆ? ರಾತ್ರಿ ಅಪ್ಪ ಕೆಮ್ಮಿದರೂ ನಾನು ಎದ್ದು ಕೂರುತ್ತೇನೆ. ಯಾರಿಗಾದರೂ ಹೀಗೆ ಆಗಿದೆಯಾ?

ಬ್ಯಾಡಗಿ ಬೀಗರು
ಭಾನುವಾರ, ರಾತ್ರಿ 10:15

ಓದಿ ಬಹಳ ಸಂಕಟ ಆಯಿತು ತಮ್ಮಾ. ನಮ್ಮ ಮಾವನವರಿಗೂ ಅಲ್ಸರ್ ಆಗಿತ್ತು. ನಮ್ಮ ಕಡೆ ಖಾರ ಜಾಸ್ತಿ ಅಲ್ವಾ, ಮೊದಲು ರಂಜಕ, ಮಿರ್ಚಿ ಎಲ್ಲ ಬಿಡಿಸಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಳೆಸರದ ರಸ ಕೊಡಿ, ಮಧ್ಯಾಹ್ನ ಮಜ್ಜಿಗೆ. ಮಾವನವರಿಗೆ ಅದರಿಂದ ಹೊಟ್ಟೆ ಉರಿ ಕಡಿಮೆ ಆಯಿತು.

ಸಾಧನಕೇರಿ ಡಾಕ್ಟರ್
ಭಾನುವಾರ, ರಾತ್ರಿ 10:55

ನಾನು ಹೊಟ್ಟೆ, ಕರುಳಿನ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರು. ರೋಗಿಯನ್ನು ನೋಡದೆ ಇದೇ ಕಾಯಿಲೆ ಅಂತ ಹೇಳಲಾಗದು. ಆದರೆ ನೀವು ಬರೆದದ್ದರಲ್ಲಿ ನನಗೆ ಎದ್ದು ಕಂಡ ಮಾತುಗಳಿವೆ. ನೋವಿಲ್ಲ. ಒಮ್ಮೆಲೇ ಜೋರಾಗಿ ಬರುತ್ತದೆ. ತಾನಾಗಿಯೇ ನಿಲ್ಲುತ್ತದೆ. ನಿಂತ ಮೇಲೆ ನೋಡಿದರೆ ಏನೂ ಇಲ್ಲ.

ಬ್ಯಾಡಗಿ ಬೀಗರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಖಾರದಿಂದ ಇಷ್ಟು ರಕ್ತ ಹೋಗುವುದಿಲ್ಲ. ಅಲ್ಸರ್ ಕೂಡ ಮುಖ್ಯವಾಗಿ ಬರುವುದು ಎಚ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದ, ಇಲ್ಲವೇ ನೋವಿನ ಮಾತ್ರೆಗಳಿಂದ. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಇಬ್ಬರು ಆಸ್ಟ್ರೇಲಿಯಾದ ಡಾಕ್ಟರುಗಳಿಗೆ 2005ರಲ್ಲಿ ನೊಬೆಲ್ ಸಿಕ್ಕಿತು. ರಕ್ತ ಹೋಗುವ ರೋಗಿಗೆ ಮನೆಮದ್ದು ಕೊಟ್ಟು ಕಾಯುವುದು ಅಪಾಯ. ದಯವಿಟ್ಟು ಬೇಡ.

ಉಣಕಲ್ ಅವರೇ, ಎರಡು ಪ್ರಶ್ನೆ. ಮೊದಲನೆಯದು, ಎರಡೂ ಸಲ ಅಡ್ಮಿಟ್ ಆದ ದಿನದ ಯೂರಿಯಾ, ಕ್ರಿಯಾಟಿನಿನ್ ಎಷ್ಟಿತ್ತು? ಎರಡನೆಯದು, ಅಪ್ಪ ಯಾವುದಾದರೂ ನೋವಿನ ಮಾತ್ರೆ ನುಂಗುತ್ತಾರಾ? ಅವರನ್ನೇ ಕೇಳಬೇಡಿ, ಮನೆಯಲ್ಲಿ ಹುಡುಕಿ.

ಉಣಕಲ್ ಕೆರೆ ದಂಡೆ
ಸೋಮವಾರ, ಬೆಳಗ್ಗೆ 7:30

ಡಾಕ್ಟರ್ ಸಾಹೇಬರೇ, ರಾತ್ರಿಯೇ ಹುಡುಕಿದೆ. ಅಪ್ಪ ಡ್ಯೂಟಿಗೆ ಒಯ್ಯುತ್ತಿದ್ದ ಹಳೆಯ ಚೀಲದಲ್ಲಿ ಡೈಕ್ಲೋಫಿನ್ಯಾಕ್ ಪಟ್ಟಿಗಳು ಸಿಕ್ಕವು. ಬೆನ್ನುನೋವಿಗೆ ದಿನಕ್ಕೊಂದು, ಕೆಲವು ದಿನ ಎರಡು. ಓಣಿಯ ತುದಿಯ ಮೆಡಿಕಲ್ ಶಾಪಿನಿಂದ ತಾವೇ ತರುತ್ತಿದ್ದರಂತೆ. ಯಾವ ಡಾಕ್ಟರಿಗೂ ಹೇಳಿಲ್ಲ. "ಅದು ಬರೇ ಬೆನ್ನಿನ ಗುಳಿಗಿ, ಅದನ್ನೇನ್ ಹೇಳೂದು" ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ದಿನ ನಾನೇ ಕೇಳಿರಲಿಲ್ಲವಲ್ಲ ಅಂತ ಬೇಜಾರಾಯಿತು.

ಮೊದಲ ಸಲ ಯೂರಿಯಾ 78, ಕ್ರಿಯಾಟಿನಿನ್ 1.0. ಎರಡನೇ ಸಲ 84 ಮತ್ತು 1.1.

ಸಾಧನಕೇರಿ ಡಾಕ್ಟರ್
ಸೋಮವಾರ, ಮಧ್ಯಾಹ್ನ 2:10

ಡೈಕ್ಲೋಫಿನ್ಯಾಕ್ ಇವತ್ತೇ ನಿಲ್ಲಿಸಿ. ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಅದನ್ನು ತಾವೇ ಬಿಟ್ಟರೆ ಹೃದಯಕ್ಕೆ ತೊಂದರೆ. ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಈ ಎರಡೂ ರಕ್ತಸ್ರಾವದ ವಿಷಯ ತಿಳಿಸಿ.

ಯೂರಿಯಾ ಏಕೆ ಕೇಳಿದೆ ಅಂದರೆ, ಮೇಲಿನ ಭಾಗದಲ್ಲಿ, ಅಂದರೆ ಜಠರದಲ್ಲಿ ಅಥವಾ ಅದರ ಮುಂದಿನ ಡುಯೋಡಿನಂನಲ್ಲಿ ಸುರಿದ ರಕ್ತ ಸಣ್ಣ ಕರುಳಿಗೆ ಇಳಿದು ಊಟದ ಹಾಗೆ ಜೀರ್ಣವಾಗುತ್ತದೆ. ರಕ್ತ ಅಂದರೆ ಪ್ರೋಟೀನ್ ತಾನೇ. ಅದು ಒಡೆದಾಗ ಯೂರಿಯಾ ಏರುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ಕ್ರಿಯಾಟಿನಿನ್ ಹಾಗೇ ಇರುತ್ತದೆ. ನಿಮ್ಮ ತಂದೆಯವರಿಗೆ ಎರಡೂ ಸಲ ಹಾಗೇ ಆಗಿದೆ. ಜೊತೆಗೆ ವಾಂತಿಯಲ್ಲೂ ರಕ್ತ ಬಂದಿದೆ. ಹಾಗಾಗಿ ಜಾಗ ಮೇಲೆಯೇ ಇರುವ ಸಾಧ್ಯತೆ ಜಾಸ್ತಿ. ನಾರ್ಮಲ್ ಅಂತ ಬಂದ ಎಂಡೋಸ್ಕೋಪಿ ಆ ಹೊತ್ತಿಗೆ ಏನೂ ಕಾಣಲಿಲ್ಲ ಅಂತ ಹೇಳುತ್ತದೆ, ಅಷ್ಟೇ. ಅಲ್ಲಿ ಏನೂ ಇಲ್ಲ ಅಂತ ಅದರ ಅರ್ಥ ಅಲ್ಲ.

ಹೀಗೆ ಬಂದು ಅಡಗುವ ಕಾರಣಗಳಲ್ಲಿ ಒಂದು ಡ್ಯೂಲಫ್ವಾ ಲೀಷನ್, ಅಂದರೆ ಒಳಪದರದ ಕೆಳಗೇ ಇರುವ ಒಂದು ದಪ್ಪ ರಕ್ತನಾಳ ಒಡೆಯುವುದು. ಅಪರೂಪದ್ದು. ಮೇಲ್ಭಾಗದ ರಕ್ತಸ್ರಾವಗಳಲ್ಲಿ ನೂರಕ್ಕೆ ಒಂದೋ ಎರಡೋ. ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಮುಂದಿನ ಭೇಟಿಯಲ್ಲಿ ನಿಮ್ಮ ಡಾಕ್ಟರನ್ನು ಈ ಬಗ್ಗೆ ಕೇಳಿ.

ಕಪ್ಪತಗುಡ್ಡದ ಗಾಳಿ
ಸೋಮವಾರ, ಸಂಜೆ 6:40

ನಾನು ಗದಗ ಕಡೆಯವನು. ನಮ್ಮ ಕಾಕಾಗೂ ಮೇಲೆ, ಕೆಳಗೆ ಎರಡೂ ನಾರ್ಮಲ್ ಬಂದಿತ್ತು. ಆದರೂ ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಆಮೇಲೆ ಹುಬ್ಬಳ್ಳಿಗೆ ಹೋಗಿ ಕ್ಯಾಪ್ಸೂಲ್ ಎಂಡೋಸ್ಕೋಪಿ ಮಾಡಿಸಿದೆವು. ಎರಡೂವರೆ ಸೆಂಟಿಮೀಟರ್ ಉದ್ದದ ಗುಳಿಗೆಯೊಳಗೆ ಕ್ಯಾಮೆರಾ. ನುಂಗಿದರೆ ಸುಮಾರು ಎಂಟು ತಾಸು ಒಳಗಿನ ಫೋಟೋ ತೆಗೆಯುತ್ತಾ ಹೋಗುತ್ತದೆ. ಸೊಂಟಕ್ಕೆ ಕಟ್ಟಿದ ಡಬ್ಬಿಯಲ್ಲಿ ಎಲ್ಲ ದಾಖಲಾಗುತ್ತದೆ. ಕಾಕಾಗೆ ಸಣ್ಣ ಕರುಳಿನಲ್ಲಿ ರಕ್ತನಾಳದ ಗೊಂಚಲು ಸಿಕ್ಕಿತು. ಆಂಜಿಯೋಡಿಸ್ಪ್ಲೇಸಿಯಾ ಅಂದರು. ಉದ್ದದ ಬೇರೆ ಸ್ಕೋಪ್ ಹಾಕಿ ಸುಟ್ಟರು. ನಿಮ್ಮ ಅಪ್ಪನಿಗೂ ಅದನ್ನು ಮಾಡಿಸಬಾರದಾ?

ಸಾಧನಕೇರಿ ಡಾಕ್ಟರ್
ಸೋಮವಾರ, ರಾತ್ರಿ 9:05

ಮಾಡಿಸಬಹುದು. ಮೇಲೆ ಕೆಳಗೆ ಎರಡೂ ಸ್ವಚ್ಛವಾಗಿದ್ದಾಗ ಸಣ್ಣ ಕರುಳು ನೋಡಲು ಅದೇ ಒಳ್ಳೆಯ ದಾರಿ. ಆದರೆ ಗುಳಿಗೆ ತನಗೆ ಬೇಕಾದ ಕಡೆ ತಿರುಗಿ ನಿಲ್ಲುವುದಿಲ್ಲ, ನಾವು ಹೇಳಿದಲ್ಲಿ ನೋಡುವುದಿಲ್ಲ. ಜಠರದಂಥ ದೊಡ್ಡ ಚೀಲದಲ್ಲಿ ಅದನ್ನು ನಂಬಲಾಗದು. ಕಾಕಾ ಅವರಿಗೆ ವಾಂತಿ ಇರಲಿಲ್ಲ ಅಲ್ವಾ? ಇವರಿಗೆ ರಕ್ತ ವಾಂತಿ ಆಗಿದೆ. ಅದಕ್ಕೇ ಕ್ಯಾಪ್ಸೂಲಿಗೆ ಮುಂಚೆ ಇನ್ನೊಂದು ಸಲ ಜಠರವನ್ನೇ ಮಡಿಕೆ ಮಡಿಕೆಯಾಗಿ ನೋಡುವುದು ಸರಿ ಅನಿಸುತ್ತದೆ. ಅದರಲ್ಲೂ ಮೇಲ್ಭಾಗ, ಅನ್ನನಾಳ ಬಂದು ಸೇರುವ ಜಾಗದ ಸುತ್ತ.

ವಾರ್ಡಿನ ಅಕ್ಕ, ಹಾವೇರಿ
ಸೋಮವಾರ, ರಾತ್ರಿ 11:20

ರಾತ್ರಿ ಪಾಳಿಗೆ ಹೊರಟಿದ್ದೇನೆ, ಬೇಗ ಬರೆಯುತ್ತೇನೆ. ನಾನು 18 ವರ್ಷದಿಂದ ನರ್ಸ್.

ತಮ್ಮಾ, ಇನ್ನೊಂದು ಸಲ ಆಗುತ್ತದೆ ಅಂದುಕೊಂಡೇ ತಯಾರಿ ಇಟ್ಟುಕೋ. ಹೆದರಿಸಲು ಹೇಳುತ್ತಿಲ್ಲ. ನಾಳೆ ಹಗಲು ಹೊತ್ತಿನಲ್ಲೇ ಎರಡು ಮೂರು ಆಸ್ಪತ್ರೆಗೆ ಫೋನ್ ಮಾಡು. ಒಂದೇ ಪ್ರಶ್ನೆ ಕೇಳು: "ನಡುರಾತ್ರಿ ಬಂದರೆ ಎಂಡೋಸ್ಕೋಪಿ ಮಾಡುವವರು ಬರುತ್ತಾರಾ, ರಕ್ತ ಸಿಗುತ್ತದಾ?" ಹೌದು ಅಂದವರ ಹೆಸರು ಗೋಡೆ ಮೇಲೆ ಬರೆದಿಡು. ಆ ಹೊತ್ತಿನಲ್ಲಿ ಯಾವ ಆಸ್ಪತ್ರೆ ಅಂತ ಮನೆಯವರೆಲ್ಲ ಚರ್ಚೆ ಮಾಡುತ್ತಾ ಕೂರಬಾರದು. ಬಹಳ ಮನೆಗಳಲ್ಲಿ ಅರ್ಧ ತಾಸು ಅದರಲ್ಲೇ ಹೋಗುತ್ತದೆ.

ಎಲ್ಲ ರಿಪೋರ್ಟು ಒಂದೇ ಫೈಲಿನಲ್ಲಿ ಇರಲಿ. ಮೊದಲ ಪುಟದಲ್ಲಿ ನೀನೇ ಕೈಯಿಂದ ಬರೆ: ಯಾವ ತಾರೀಖು, ಹಿಮೋಗ್ಲೋಬಿನ್ ಎಷ್ಟು, ಎಷ್ಟು ಬಾಟ್ಲಿ ರಕ್ತ, ರಕ್ತ ಕಂಡ ಎಷ್ಟು ತಾಸಿಗೆ ಎಂಡೋಸ್ಕೋಪಿ ಆಯಿತು, ಯಾವ ಮಾತ್ರೆ ನಡೆದಿದೆ. ವಾಂತಿ ಆದರೆ ಎಡ ಮಗ್ಗುಲಿಗೆ ಮಲಗಿಸು, ರಕ್ತ ಶ್ವಾಸಕ್ಕೆ ಹೋಗಬಾರದು. ನೀರು, ಚಹಾ, ಎಳನೀರು ಏನೂ ಕೊಡಬೇಡ. ಹೊಟ್ಟೆ ಖಾಲಿ ಇದ್ದರೆ ಕ್ಯಾಮೆರಾಗೆ ಕಾಣುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೋ. ನೂರು ಮಾತಿಗಿಂತ ಅದನ್ನು ತೋರಿಸಿದರೆ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.

ಉಣಕಲ್ ಕೆರೆ ದಂಡೆ
ಮಂಗಳವಾರ, ರಾತ್ರಿ 8:00

ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ನಾಲ್ಕು ಕಡೆ ಫೋನ್ ಮಾಡಿದೆ. ಒಂದು ಕಡೆ ಮಾತ್ರ ಸ್ಪಷ್ಟವಾಗಿ ಹೌದು ಅಂದರು. ಫ್ರಿಜ್ ಮೇಲೆ ಅಂಟಿಸಿದ್ದೇನೆ. ಅವ್ವನಿಗೂ ತೋರಿಸಿದ್ದೇನೆ.

ಉಣಕಲ್ ಕೆರೆ ದಂಡೆ
ಹನ್ನೆರಡನೇ ದಿನ, ಗುರುವಾರ, ಸಂಜೆ 5:15

ಮತ್ತೆ ಆಯಿತು. ಈ ಸಲ ಸಿಕ್ಕಿತು.

ಬುಧವಾರ ಬೆಳಗಿನ ಜಾವ ಮೂರು ಗಂಟೆ. ಅಪ್ಪ ಎಬ್ಬಿಸಿ "ಹೊಟ್ಯಾಗ ಕಲಸಿದಂಗ ಆಗೇತಿ" ಅಂದರು. ಹಾಸಿಗೆಯಿಂದ ಇಳಿಯುವ ಮುಂಚೆಯೇ ವಾಂತಿ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅವ್ವ ಫೈಲು ತಂದಳು, ನಾನು ಗಾಡಿ ತೆಗೆದೆ. ಬೀದಿ ಖಾಲಿ ಇತ್ತು, 15 ನಿಮಿಷಕ್ಕೆ ಮುಟ್ಟಿದೆವು. ಬಿಪಿ 84, ನಾಡಿ 124. ಬಾಗಿಲಲ್ಲೇ ಫೈಲಿನ ಮೊದಲ ಪುಟ ಕೊಟ್ಟೆ. ಡ್ಯೂಟಿ ಡಾಕ್ಟರು ಓದಿ, "ಎರಡು ಸಲವೂ ರಕ್ತ ನಿಂತ ಮೇಲೇ ನೋಡಿದ್ದಾರೆ" ಅಂದರು. ಅಲ್ಲಿಂದಲೇ ಎಂಡೋಸ್ಕೋಪಿ ಡಾಕ್ಟರಿಗೆ ಫೋನ್ ಮಾಡಿದರು.

ಎರಡು ಕಡೆ ಸಲೈನ್, ರಕ್ತ ಶುರುವಾಯಿತು. ಬಿಪಿ ಸ್ವಲ್ಪ ಏರಿದ ಮೇಲೆ ಎರಿಥ್ರೊಮೈಸಿನ್ ಅಂತ ಒಂದು ಇಂಜೆಕ್ಷನ್ ಕೊಟ್ಟರು. ಅದು ಆ್ಯಂಟಿಬಯೋಟಿಕ್ಕೇ, ಆದರೆ ಇಲ್ಲಿ ಜಠರ ಕುಗ್ಗಿ ಒಳಗಿನ ರಕ್ತ ಮುಂದಕ್ಕೆ ಹೋಗಲಿ ಅಂತ ಕೊಡುತ್ತಾರಂತೆ. ಅದಾಗಿ ಒಂದು ತಾಸಿಗೆ ಕ್ಯಾಮೆರಾ ಬಿಟ್ಟರು. ಆರೂವರೆ ಇರಬಹುದು.

ಮುಗಿದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು ವಿಡಿಯೋ ತೋರಿಸಿದರು. ಅನ್ನನಾಳ ಜಠರಕ್ಕೆ ಸೇರುವಲ್ಲಿಂದ ನಾಲ್ಕು ಸೆಂಟಿಮೀಟರ್ ಕೆಳಗೆ. ಸುತ್ತ ಎಲ್ಲ ಗುಲಾಬಿ ಬಣ್ಣ, ಹುಣ್ಣಿನ ಗುರುತೂ ಇಲ್ಲ. ನಡುವೆ ಸೂಜಿ ಮೊನೆಯಷ್ಟು ಜಾಗ. ಅಲ್ಲಿಂದ ರಕ್ತ ಪಿಚಕಾರಿ ಹಾಗೆ, ಎದೆ ಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ನೋಡುತ್ತಾ ನನ್ನ ಕೈಕಾಲು ತಣ್ಣಗಾಯಿತು. ಇಷ್ಟು ಸಣ್ಣ ತೂತು ನಮ್ಮ ಅಪ್ಪನನ್ನು ಮೂರು ಸಲ ಸಾವಿನ ಹತ್ತಿರ ಒಯ್ದಿದೆ. ಮೊದಲು ಅಡ್ರಿನಲಿನ್ ಚುಚ್ಚಿದರು, ಚಿಮ್ಮುವುದು ತಗ್ಗಿತು. ಆಮೇಲೆ ಎರಡು ಲೋಹದ ಕ್ಲಿಪ್ ಹಾಕಿದರು. ನಿಂತೇ ಹೋಯಿತು. ಪಕ್ಕದಲ್ಲಿ ಕಪ್ಪು ಶಾಯಿಯ ಚುಕ್ಕೆ ಇಟ್ಟಿದ್ದಾರೆ. ಮತ್ತೆ ಬಂದರೆ ಹುಡುಕುವ ಕೆಲಸ ಇಲ್ಲ.

ಸಾಧನಕೇರಿ ಡಾಕ್ಟರೇ, ನೀವು ಬರೆದ ಹೆಸರೇ ರಿಪೋರ್ಟಿನಲ್ಲಿದೆ. ಡ್ಯೂಲಫ್ವಾ.

ವಾರ್ಡಿನ ಅಕ್ಕ, ಹಾವೇರಿ
ಗುರುವಾರ, ಸಂಜೆ 5:40

ದೇವರು ದೊಡ್ಡವನು ತಮ್ಮಾ. ಕಣ್ಣಲ್ಲಿ ನೀರು ಬಂತು. ಮೂರು ದಿನ ಅಲ್ಲೇ ಇರಿ, ಅವಸರ ಮಾಡಬೇಡಿ. ಮತ್ತೆ ರಕ್ತ ಬರುವುದಿದ್ದರೆ ಜಾಸ್ತಿ ಆ ಮೊದಲ 72 ತಾಸಿನಲ್ಲೇ.

ಧಾರವಾಡ ಜಿಟಿಜಿಟಿ
ಗುರುವಾರ, ರಾತ್ರಿ 8:30

ಮೊದಲಿನಿಂದ ಸುಮ್ನೆ ಓದುತ್ತಿದ್ದೆ. ಬಹಳ ಸಮಾಧಾನ ಆಯಿತು. ಡಾಕ್ಟರೇ, ಹುಣ್ಣೇ ಇಲ್ಲದೆ ರಕ್ತ ಹೇಗೆ ಬರುತ್ತದೆ? ಮತ್ತೆ ಅಷ್ಟು ಜೋರಾಗಿ ಚಿಮ್ಮುವುದು ತಾನಾಗಿ ಹೇಗೆ ನಿಲ್ಲುತ್ತದೆ?

ಸಾಧನಕೇರಿ ಡಾಕ್ಟರ್
ಗುರುವಾರ, ರಾತ್ರಿ 10:10

ನಮ್ಮೂರಿನ ನೀರಿನ ಪೈಪಿನ ಲೆಕ್ಕದಲ್ಲೇ ಹೇಳುತ್ತೇನೆ. ಸವದತ್ತಿ ಕಡೆಯಿಂದ ಮಲಪ್ರಭಾ ನೀರು ದೊಡ್ಡ ಪೈಪಿನಲ್ಲಿ ಬರುತ್ತದೆ. ಬಡಾವಣೆಗೆ ಅದಕ್ಕಿಂತ ಸಣ್ಣದು, ಓಣಿಗೆ ಇನ್ನೂ ಸಣ್ಣದು, ಮನೆ ನಳಕ್ಕೆ ಅರ್ಧ ಇಂಚು. ಜಠರದಲ್ಲೂ ಹಾಗೇ. ಹೊರಗೋಡೆಯ ದೊಡ್ಡ ರಕ್ತನಾಳ ಒಳಪದರ ಮುಟ್ಟುವಷ್ಟರಲ್ಲಿ ಕೂದಲೆಳೆಯಂತಾಗಬೇಕು. ಕೆಲವರಿಗೆ ಹುಟ್ಟಿನಿಂದಲೇ ಒಂದು ಕಡೆ ಅದು ಸಣ್ಣದಾಗುವುದೇ ಇಲ್ಲ. 1ರಿಂದ 3 ಮಿಲಿಮೀಟರ್ ದಪ್ಪ ಉಳಿಸಿಕೊಂಡೇ ಒಳಪದರದ ಕೆಳಗೆ ಬಂದು ಮಲಗಿರುತ್ತದೆ. ಆ ಜಾಗದಲ್ಲಿ ಇರಬೇಕಾದದ್ದರ ಹತ್ತು ಪಟ್ಟು. ಊರಿಗೆ ಬರುವ ದೊಡ್ಡ ಪೈಪೇ ಅಡುಗೆಮನೆ ಗೋಡೆಯ ಗಿಲಾವಿನೊಳಗೆ ಹಾದು ಹೋದ ಹಾಗೆ. ಅದರ ಬಡಿತಕ್ಕೆ ಮೇಲಿನ ಪದರ ವರ್ಷಗಟ್ಟಲೆ ಸವೆಯುತ್ತದೆ. ನೋವಿನ ಮಾತ್ರೆ, ವಯಸ್ಸು, ಬಿಪಿ ಇವೆಲ್ಲ ಅದಕ್ಕೆ ನೆರವಾಗುತ್ತವೆ. ಒಂದು ದಿನ ಒಡೆಯುತ್ತದೆ.

ಒಡೆದ ಮೇಲೆ ರಕ್ತ ಹೋಗಿ ಹೋಗಿ ಬಿಪಿ ಇಳಿಯುತ್ತದೆ. ಬಿಪಿ ಇಳಿದಾಗ ನಾಳ ಕುಗ್ಗುತ್ತದೆ, ಬಾಯಿಗೆ ಹೆಪ್ಪು ಕೂರುತ್ತದೆ. ನಿಂತಿತು. ಹೆಪ್ಪು ಕರಗಿದ ಮೇಲೆ ಅಲ್ಲಿ ಕಾಣುವುದು ಬರೀ ನುಣುಪಾದ ಒಳಪದರ. ಹುಬ್ಬಳ್ಳಿ ಧಾರವಾಡದವರಿಗೆ ಇದು ಗೊತ್ತಿರುವ ವಿಷಯವೇ. ನಳದಲ್ಲಿ ನೀರು ಬಂದ ದಿನವೇ ಪೈಪಿನ ಲೀಕ್ ಕಾಣುತ್ತದೆ. ನೀರಿಲ್ಲದ ದಿನ ಪ್ಲಂಬರ್ ಬಂದು ಎಷ್ಟು ತಡಕಿದರೂ ಗೋಡೆ ಒಣಗಿರುತ್ತದೆ. ಅದಕ್ಕೇ ಮೊದಲ ಎಂಡೋಸ್ಕೋಪಿಯಲ್ಲಿ ಇದು ಎಲ್ಲರಿಗೂ ಸಿಗುವುದಿಲ್ಲ. ಎರಡನೆಯದು, ಮೂರನೆಯದು ಬೇಕಾಗುವವರು ಇದ್ದಾರೆ. ಹಿಂದೆ ನೋಡಿದ ಡಾಕ್ಟರುಗಳ ಕಣ್ಣು ತಪ್ಪಿತು ಅಂತ ನಾನು ಹೇಳಲಾರೆ. ಆಗ ಗೋಡೆ ಒಣಗಿತ್ತು.

ಪ್ಯಾಂಟೊಪ್ರಜೋಲ್ ಇದನ್ನು ತಡೆಯಲಿಲ್ಲ ಯಾಕೆ ಅಂದರೆ ಇದು ಆಮ್ಲದಿಂದ ಆದ ಹುಣ್ಣು ಅಲ್ಲ. ಈ ಕಾಯಿಲೆ ಗಂಡಸರಲ್ಲಿ ಹೆಂಗಸರ ಎರಡು ಪಟ್ಟು. ಮುಕ್ಕಾಲು ಪಾಲಿಗೂ ಹೆಚ್ಚು ಜಠರದ ಮೇಲ್ಭಾಗದಲ್ಲೇ, ಅನ್ನನಾಳ ಸೇರುವಲ್ಲಿಂದ 6 ಸೆಂಟಿಮೀಟರ್ ಒಳಗೆ ಇರುತ್ತದೆ. ಆದರೆ ಡುಯೋಡಿನಂ, ದೊಡ್ಡ ಕರುಳು, ಗುದನಾಳದಲ್ಲೂ ಸಿಕ್ಕಿದ್ದುಂಟು.

ಇದನ್ನು 1884ರಲ್ಲಿ ಗಲ್ಲಾರ್ ಎಂಬ ಫ್ರೆಂಚ್ ಡಾಕ್ಟರು ಮೊದಲು ಬರೆದರು. 1898ರಲ್ಲಿ ಜಾರ್ಜ್ ಡ್ಯೂಲಫ್ವಾ ವಿವರವಾಗಿ ಬರೆದರು. ಅವರು ಇದನ್ನು ಅಲ್ಸರಿನ ಮೊದಲ ಹಂತ ಅಂದುಕೊಂಡಿದ್ದರು. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಅವರದೇ ಉಳಿಯಿತು. ಆಗ ಕ್ಯಾಮೆರಾ ಎಲ್ಲಿತ್ತು? ಹೊಟ್ಟೆ ಕೊಯ್ದು ಹುಡುಕಬೇಕಿತ್ತು, ಎಷ್ಟೋ ಸಲ ಸತ್ತ ಮೇಲೆ ಸಿಗುತ್ತಿತ್ತು. ಇವತ್ತು ಹತ್ತರಲ್ಲಿ ಒಂಬತ್ತು ಜನಕ್ಕೆ ಎಂಡೋಸ್ಕೋಪಿಯಲ್ಲೇ ನಿಲ್ಲಿಸುತ್ತೇವೆ. ನನ್ನ ಗುರುಗಳು ಇದನ್ನು ಪಾಠ ಮಾಡುವಾಗ ಬರೀ ಅಡ್ರಿನಲಿನ್ ಚುಚ್ಚಿ ಬರಬೇಡಿ ಅಂತ ಒತ್ತಿ ಹೇಳುತ್ತಿದ್ದರು. ಅದರ ಪರಿಣಾಮ ಕೆಲವೇ ತಾಸು. ಜೊತೆಗೆ ಕ್ಲಿಪ್, ರಬ್ಬರ್ ಬ್ಯಾಂಡ್ ಅಥವಾ ಶಾಖ ಕೊಟ್ಟು ಮುಚ್ಚಲೇಬೇಕು. ಇವರಿಗೆ ಸರಿಯಾಗಿ ಮಾಡಿದ್ದಾರೆ.

ಕಪ್ಪತಗುಡ್ಡದ ಗಾಳಿ
ಶುಕ್ರವಾರ, ಬೆಳಗ್ಗೆ 9:00

ಕ್ಲಿಪ್ ಬಿಟ್ಟುಹೋದರೆ? ಆಪರೇಷನ್ನೇ ಗತಿನಾ? ಮತ್ತೆ ಇದು ಮಕ್ಕಳಿಗೂ ಬರುತ್ತದಾ?

ಸಾಧನಕೇರಿ ಡಾಕ್ಟರ್
ಶುಕ್ರವಾರ, ಮಧ್ಯಾಹ್ನ 1:30

ಕ್ಲಿಪ್ ಕೆಲವು ವಾರಕ್ಕೆ ತಾನಾಗಿ ಉದುರಿ ಮಲದಲ್ಲಿ ಹೋಗುತ್ತದೆ. ಅಷ್ಟರಲ್ಲಿ ನಾಳ ಮುಚ್ಚಿ ಗಾಯ ಮಾಗಿರುತ್ತದೆ. ಮತ್ತೆ ಬಂದರೆ ಇನ್ನೊಂದು ಸಲ ಎಂಡೋಸ್ಕೋಪಿಯಲ್ಲೇ ಪ್ರಯತ್ನ. ಅದೂ ಆಗದಿದ್ದರೆ ತೊಡೆಯ ಸಂದಿಯ ನಾಳದಿಂದ ತೆಳು ಕೊಳವೆ ಬಿಟ್ಟು, ರಕ್ತ ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಆಪರೇಷನ್ ಕೊನೆಯದು. ಈಗ ಶಾಯಿ ಗುರುತು ಇರುವುದರಿಂದ ಆ ಸಣ್ಣ ಭಾಗ ಮಾತ್ರ ತೆಗೆದರೆ ಸಾಕು.

ತಂದೆ ತಾಯಿಯಿಂದ ಮಕ್ಕಳಿಗೆ ಬರುವಂಥದ್ದಲ್ಲ. ವಂಶದಲ್ಲಿ ಬರುವ ಬೇರೆ ಒಂದು ಕಾಯಿಲೆ ಇದೆ. ಅದರಲ್ಲಿ ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ, ತುಟಿ ನಾಲಿಗೆ ಮೇಲೆ ಕೆಂಪು ಚುಕ್ಕೆ ಇರುತ್ತವೆ. ಅಂಥದ್ದು ಮನೆಯಲ್ಲಿ ಯಾರಿಗಾದರೂ ಇದ್ದರೆ ಡಾಕ್ಟರಿಗೆ ಹೇಳಬೇಕು.

ವರದಾ ತೀರ
ಶುಕ್ರವಾರ, ರಾತ್ರಿ 9:45

ನಾನೂ ಹಾವೇರಿ ಜಿಲ್ಲೆಯವಳು. ನನ್ನ ಅನುಭವ ಇಲ್ಲಿ ಯಾರಿಗಾದರೂ ದಾರಿಯಾಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮ ಅವ್ವನಿಗೆ 74. ಒಂದೂವರೆ ವರ್ಷದಲ್ಲಿ ಆರು ಸಲ ರಕ್ತ ಕೊಡಿಸಿದ್ದೇವೆ. ದೊಡ್ಡ ಕರುಳಿನಲ್ಲಿ ಆಂಜಿಯೋಡಿಸ್ಪ್ಲೇಸಿಯಾ ಅಂತ ಗೊತ್ತಾಗಿತ್ತು, ಎರಡು ಸಲ ಸುಟ್ಟೂ ಆಗಿತ್ತು. ಆದರೂ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಇದೆ, ಅದಕ್ಕೇ ಉಸಿರು ಅಂತ ನಾವೂ ಅಂದುಕೊಂಡೆವು, ಎಲ್ಲರೂ ಅದನ್ನೇ ಹೇಳಿದರು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕೋ ಮಾಡಿಸಿ ಅಂದರು. ಹೃದಯದ ಅಯೋರ್ಟಿಕ್ ಕವಾಟ ಸುಣ್ಣಗಟ್ಟಿ ತೀರ ಸಣ್ಣದಾಗಿತ್ತು. ಹೊಟ್ಟೆಯ ರಕ್ತಕ್ಕೂ ಅದಕ್ಕೂ ಸಂಬಂಧ ಇದೆ ಅಂದಾಗ ನಾವು ನಂಬಲಿಲ್ಲ.

ಸಾಧನಕೇರಿ ಡಾಕ್ಟರ್
ಶುಕ್ರವಾರ, ರಾತ್ರಿ 10:30

ಒಳ್ಳೆಯದಾಯಿತು ಬರೆದಿರಿ ಅಕ್ಕಾ. ಅದಕ್ಕೆ ಹೈಡ್ ಸಿಂಡ್ರೋಮ್ ಅನ್ನುತ್ತಾರೆ. ಅಮೆರಿಕದ ಎಡ್ವರ್ಡ್ ಹೈಡ್ ಎಂಬ ಡಾಕ್ಟರು 1958ರಲ್ಲಿ ಈ ಎರಡೂ ಜೊತೆಗೆ ಬರುತ್ತವೆ ಅಂತ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದಿದ್ದರು. ಸಣ್ಣ ಕಿಂಡಿಯಿಂದ ರಕ್ತ ರಭಸದಿಂದ ನುಗ್ಗುವಾಗ, ಹೆಪ್ಪುಗಟ್ಟಿಸುವ ಒಂದು ಉದ್ದ ಪ್ರೋಟೀನ್ ತುಂಡಾಗುತ್ತದೆ. ಅದು ಇಲ್ಲದೆ ಕರುಳಿನ ದುರ್ಬಲ ನಾಳಗಳು ಸೋರುತ್ತವೆ. ಕರುಳನ್ನು ಎಷ್ಟು ಸಲ ಸುಟ್ಟರೂ ಕವಾಟ ಸರಿಯಾಗದೆ ಪೂರ್ತಿ ನಿಲ್ಲುವುದು ಕಷ್ಟ. ಅವ್ವನವರಿಗೆ ಕವಾಟ ಬದಲಿಸಿದರಾ?

ವರದಾ ತೀರ
ಶುಕ್ರವಾರ, ರಾತ್ರಿ 10:50

ಹೌದು, ತೊಡೆಯಿಂದ ಕೊಳವೆ ಬಿಟ್ಟು ಹೊಸ ಕವಾಟ ಕೂರಿಸಿದರು. ಹನ್ನೊಂದು ತಿಂಗಳಾಯಿತು. ಒಂದೇ ಒಂದು ಬಾಟ್ಲಿ ರಕ್ತ ಬೇಕಾಗಿಲ್ಲ. ಮೊನ್ನೆ ತಾನೇ ಕೂತು ಶ್ಯಾವಿಗೆ ಹೊಸೆದಳು.

ಉಣಕಲ್ ಕೆರೆ ದಂಡೆ
ಇಪ್ಪತ್ತನೇ ದಿನ, ಬೆಳಗ್ಗೆ 6:20

ಯಾರಾದರೂ ಎಚ್ಚರ ಇದ್ದೀರಾ? ಅಪ್ಪನಿಗೆ ಮತ್ತೆ ಕಪ್ಪು ಮಲ. ತಲೆ ತಿರುಗುತ್ತಿಲ್ಲ, ನಾಡಿ 78. ಶನಿವಾರ ಡಿಸ್ಚಾರ್ಜ್ ಆಗಿದ್ದೆವು. ನಾಲ್ಕು ದಿನದಿಂದ ಕಬ್ಬಿಣಾಂಶದ ಮಾತ್ರೆ ಶುರುವಾಗಿದೆ.

ವಾರ್ಡಿನ ಅಕ್ಕ, ಹಾವೇರಿ
ಇಪ್ಪತ್ತನೇ ದಿನ, ಬೆಳಗ್ಗೆ 6:35

ಎಚ್ಚರ ಇದ್ದೇನೆ ತಮ್ಮಾ. ಗಾಬರಿ ಆಗಬೇಡ. ಅಂಟುತ್ತಾ ಇದೆಯಾ? ಆ ಹಳೆಯ ಕೆಟ್ಟ ವಾಸನೆ ಇದೆಯಾ? ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಅದು ಗಟ್ಟಿಯಾಗಿ, ಹಸಿರು ಮಿಶ್ರಿತ ಕಪ್ಪು ಇರುತ್ತದೆ, ಡಾಂಬರಿನ ಹಾಗೆ ಅಂಟುವುದಿಲ್ಲ. ಆದರೂ ನಿನ್ನ ಅಪ್ಪನ ವಿಷಯದಲ್ಲಿ ಕಣ್ಣಂದಾಜು ಸಾಲದು. ಈಗಲೇ ಹೋಗಿ ಹಿಮೋಗ್ಲೋಬಿನ್, ಯೂರಿಯಾ ಮಾಡಿಸು.

ಉಣಕಲ್ ಕೆರೆ ದಂಡೆ
ಇಪ್ಪತ್ತನೇ ದಿನ, ಬೆಳಗ್ಗೆ 9:10

ಅಂಟುತ್ತಿರಲಿಲ್ಲ, ವಾಸನೆಯೂ ಇರಲಿಲ್ಲ. ಹಿಮೋಗ್ಲೋಬಿನ್ 9.4, ಡಿಸ್ಚಾರ್ಜ್ ದಿನಕ್ಕಿಂತ ಜಾಸ್ತಿಯೇ. ಯೂರಿಯಾ 26. ಮಾತ್ರೆಯದೇ ಬಣ್ಣ. ಜೀವ ಬಾಯಿಗೆ ಬಂದಿತ್ತು ಅಕ್ಕಾ.

ಧಾರವಾಡ ಜಿಟಿಜಿಟಿ
ಇಪ್ಪತ್ತನೇ ದಿನ, ಬೆಳಗ್ಗೆ 11:00

ಆ ಮಾತ್ರೆಯನ್ನು ಚಹಾ ಜೊತೆ ಕೊಡಬೇಡಿ ಅಣ್ಣಾ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕ ಒಳ್ಳೆಯದು. ಆಸ್ಪಿರಿನ್ ಏನಾಯಿತು? ಖರ್ಚಿನ ವಿಷಯವೂ ಬರೆಯಿರಿ, ಓದುವವರಿಗೆ ಬೇಕಾಗುತ್ತದೆ.

ಉಣಕಲ್ ಕೆರೆ ದಂಡೆ
ಇಪ್ಪತ್ತನೇ ದಿನ, ರಾತ್ರಿ 8:40

ಹೃದಯದ ಡಾಕ್ಟರು ಮತ್ತು ಹೊಟ್ಟೆ ಡಾಕ್ಟರು ಫೋನಿನಲ್ಲಿ ಮಾತಾಡಿಕೊಂಡರು. ಕ್ಲಿಪ್ ಹಾಕಿದ ಮೂರನೇ ದಿನ ಆಸ್ಪಿರಿನ್ ಮತ್ತೆ ಶುರು. ಅದರ ಜೊತೆ ಪ್ಯಾಂಟೊಪ್ರಜೋಲ್ ಇರಲೇಬೇಕು ಅಂದರು. ಬೆನ್ನುನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಓಣಿಯ ಮೆಡಿಕಲ್ ಶಾಪಿನ ಅಣ್ಣನಿಗೂ ಹೇಳಿ ಬಂದೆ, ಅಪ್ಪ ಕೇಳಿದರೂ ಆ ಗುಳಿಗೆ ಕೊಡಬೇಡಿ ಅಂತ.

ಖರ್ಚು: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮದು ಎಪಿಎಲ್, ನಮ್ಮಂಥವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಡ್ಮಿಟ್ ಆದ ದಿನವೇ ಅವರ ಹತ್ತಿರ ಹೋಗಿ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ತಡವಾಗುತ್ತದೆ.

ಉಣಕಲ್ ಕೆರೆ ದಂಡೆ
ಆರು ತಿಂಗಳ ನಂತರ, ಭಾನುವಾರ, ಸಂಜೆ 7:00

ಅನೇಕರು ಕೇಳಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಆರಾಮ. ಆರು ತಿಂಗಳಲ್ಲಿ ಒಂದು ಸಲವೂ ರಕ್ತ ಹೋಗಿಲ್ಲ. ಹಿಮೋಗ್ಲೋಬಿನ್ 13.1. ಬೆಳಗ್ಗೆ ಕೆರೆ ದಂಡೆಯಲ್ಲಿ ಎರಡು ಸುತ್ತು ನಡೆಯುತ್ತಾರೆ. ಜೋಳದ ರೊಟ್ಟಿ, ಮೆಂತ್ಯೆ ಪಲ್ಯ, ಖಾರ, ಎಲ್ಲ ಮೊದಲಿನಂತೆ ತಿನ್ನುತ್ತಾರೆ.

ಒಂದು ಹೊಸ ವಿಷಯ. ಬೆನ್ನಿಗೆ ಎಂಆರ್‌ಐ ಬರೆದಿದ್ದರು. ಹೊಟ್ಟೆಯಲ್ಲಿ ಕ್ಲಿಪ್ ಹಾಕಿದ್ದಾರೆ ಅಂತ ಅವ್ವ ಅಲ್ಲಿ ಕೂತಲ್ಲೇ ನೆನಪು ಮಾಡಿದಳು. ಕೆಲವು ಕ್ಲಿಪ್ ಎಂಆರ್‌ಐಗೆ ಆಗುವುದಿಲ್ಲವಂತೆ. ಮೊದಲು ಎಕ್ಸ್‌ರೇ ತೆಗೆದರು, ಎರಡೂ ಕ್ಲಿಪ್ ಉದುರಿ ಹೋಗಿದ್ದವು. ಆಮೇಲೆ ಎಂಆರ್‌ಐ ಮಾಡಿದರು. ಕ್ಲಿಪ್ ಹಾಕಿದ ವಿಷಯ ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.

ಅಣ್ಣಿಗೇರಿ ಹತ್ತಿ ಹೊಲ
ಅದೇ ದಿನ, ರಾತ್ರಿ 11:10

ಅಣ್ಣಾ, ಮೊನ್ನೆಯೇ ಇದನ್ನೆಲ್ಲ ಓದಿದ್ದೆ. ನಮ್ಮ ಅತ್ತೆಗೂ ಹೀಗೇ ಎರಡು ಸಲ ಆಗಿ ನಾರ್ಮಲ್ ಅಂದಿದ್ದರು. ಈಗ ಅರ್ಧ ತಾಸಿನ ಹಿಂದೆ ರಕ್ತ ವಾಂತಿ. 108ರಲ್ಲಿ ಇದ್ದೇವೆ, ಹುಬ್ಬಳ್ಳಿಗೆ ಬರುತ್ತಿದ್ದೇವೆ. ಎಡ ಮಗ್ಗುಲಿಗೆ ಮಲಗಿಸಿದ್ದೇವೆ. ಆಸ್ಪತ್ರೆಗೆ ಫೋನ್ ಮಾಡಿದೆ, ಎಂಡೋಸ್ಕೋಪಿ ಡಾಕ್ಟರು ಬರುತ್ತಾರಂತೆ. ಆದರೆ ರಕ್ತ ಬಿ ನೆಗೆಟಿವ್, ಒಂದೇ ಬಾಟ್ಲಿ ಇದೆ ಅಂದರು.

ವಾರ್ಡಿನ ಅಕ್ಕ, ಹಾವೇರಿ
ರಾತ್ರಿ 11:14

ಬಾಗಿಲಲ್ಲೇ ಹೇಳಮ್ಮಾ, ಇದು ಮೂರನೇ ಸಲ, ಹಿಂದೆ ರಕ್ತ ನಿಂತ ಮೇಲೆ ನೋಡಿದ್ದಾರೆ ಅಂತ. ಹಳೆಯ ರಿಪೋರ್ಟು ಕೈಯಲ್ಲಿರಲಿ.

ಉಣಕಲ್ ಕೆರೆ ದಂಡೆ
ರಾತ್ರಿ 11:16

ನನ್ನದು ಬಿ ನೆಗೆಟಿವ್ ತಂಗಿ. ರಕ್ತ ಕೊಟ್ಟು ಐದು ತಿಂಗಳಾಯಿತು, ಈಗ ಕೊಡಬಹುದು. ಯಾವ ಆಸ್ಪತ್ರೆ ಅಂತ ನನಗೆ ಮೆಸೇಜ್ ಹಾಕಿ. ಗಾಡಿ ತೆಗೆಯುತ್ತಿದ್ದೇನೆ.